ಕಂಪವಾತವೂ ಜೀವಕೋಶದ ಶಕ್ತಿಕೇಂದ್ರವೂ

ಮಾನವನ ದೇಹವನ್ನು ಪೀಡಿಸುವ ವ್ಯಾಧಿಗಳಲ್ಲಿ ಕೆಲವು ಸದ್ದುಮಾಡಿಕೊಂಡು ಬರುತ್ತವೆ, ಕೆಲವು ಸದ್ದಿಲ್ಲದೆ ಬರುತ್ತವೆ. ಜ್ವರ, ಅತಿಸಾರ, ಪಾರ್ಶ್ವವಾಯು ಮೊದಲಾದುವು ಬಂದೊಡನೆಯೇ ಮನೆಮಂದಿಗೆಲ್ಲ ತಿಳಿಯುತ್ತವೆ. ಕಂಪವಾತವಾದರೋ ಹಾಗಲ್ಲ. ಅದು ವರ್ಷಗಟ್ಟಲೆ ಒಳಗೊಳಗೇ ಬೆಳೆದು, ಕಡೆಗೊಂದು ದಿನ ಬೆರಳುಗಳ ನಡುಕವಾಗಿ ಹೊರಗೆ ಕಾಣಿಸಿಕೊಳ್ಳುತ್ತದೆ. ಇಂಗ್ಲಿಷ್ ವೈದ್ಯರು ಪಾರ್ಕಿನ್ಸನ್ ರೋಗವೆಂದು ಕರೆಯುವ ಈ ವ್ಯಾಧಿಗೆ ಮೂಲವೆಲ್ಲಿ ಎಂಬ ಪ್ರಶ್ನೆ ಎರಡು ಶತಮಾನಗಳಿಂದ ವಿದ್ವಾಂಸರನ್ನು ಕಾಡಿದೆ. ಕಳೆದ ನಾಲ್ಕು ದಶಕಗಳ ಸಂಶೋಧನೆಯು ಆ ಮೂಲವನ್ನು ಜೀವಕೋಶದೊಳಗಿನ ಅತಿ ಸೂಕ್ಷ್ಮವಾದ ಒಂದು ಅಂಗದ ಕಡೆಗೆ ತೋರಿಸುತ್ತಿದೆ. ಅದರ ಹೆಸರು ಮೈಟೋಕಾಂಡ್ರಿಯ. ಈ ಶೋಧದಲ್ಲಿ ಬೆಂಗಳೂರಿನ ವಿದ್ಯಾಸಂಸ್ಥೆಗಳ ಪಾಲು ಗಣನೀಯವಾದುದು.

ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯಲ್ಲಿ ಪೀಣ್ಯವನ್ನು ದಾಟಿ ನೆಲಮಂಗಲದತ್ತ ಸಾಗುವಾಗ ಸಿಗುವ ಮಾದನಾಯಕನಹಳ್ಳಿಯಂತಹ ಊರುಗಳಿಗೆ ಈ ವಿಷಯವು ದೂರದ್ದಲ್ಲ. ಇಂತಹ ಊರುಗಳಲ್ಲಿ ಹಿರಿಯ ತಲೆಮಾರಿನವರು ರಾಗಿ, ಅವರೆ ಬೆಳೆದವರು. ಕಿರಿಯರು ಕಾರ್ಖಾನೆಗಳಲ್ಲಿ, ಉಗ್ರಾಣಗಳಲ್ಲಿ ದುಡಿಯುವವರು. ಒಂದೇ ಮನೆಯಲ್ಲಿ ಹೊಲದ ಔಷಧಿಯನ್ನು ಸಿಂಪಡಿಸಿದ ಕೈಯೂ ಯಂತ್ರದ ಬಿಡಿಭಾಗಗಳನ್ನು ತೊಳೆದ ಕೈಯೂ ಇರುತ್ತವೆ. ಈ ಎರಡು ಕಸುಬುಗಳೂ ಕಂಪವಾತದ ವಿಚಾರದಲ್ಲಿ ಏಕೆ ಪ್ರಸ್ತುತವೆಂಬುದು ಮುಂದೆ ವಿಶದವಾಗುತ್ತದೆ.

ರೋಗದ ಹೆಸರು ಮತ್ತು ಲಕ್ಷಣ

ಲಂಡನ್ ನಗರದ ವೈದ್ಯ ಜೇಮ್ಸ್ ಪಾರ್ಕಿನ್ಸನ್ ೧೮೧೭ರಲ್ಲಿ ನಡುಕದ ವ್ಯಾಧಿಯೊಂದನ್ನು ಕುರಿತು ಕಿರುಪ್ರಬಂಧವೊಂದನ್ನು ಪ್ರಕಟಿಸಿದನು. ಅದರಲ್ಲಿ ವರ್ಣಿತರಾದವರು ಆರು ಮಂದಿ. ಅವರಲ್ಲಿ ಕೆಲವರನ್ನು ಅವನು ಬೀದಿಯಲ್ಲಿ ನಡೆಯುವಾಗ ಕಂಡು ಗುರುತಿಸಿದ್ದನು. ಮುಂದೆ ಫ್ರಾನ್ಸಿನ ಮಹಾವೈದ್ಯ ಶಾರ್ಕೋ ಈ ವ್ಯಾಧಿಗೆ ಪಾರ್ಕಿನ್ಸನ್ನನ ಹೆಸರನ್ನೇ ಇಟ್ಟನು.

ಭಾರತೀಯ ವೈದ್ಯಶಾಸ್ತ್ರಕ್ಕೆ ಈ ಲಕ್ಷಣಗಳು ಹೊಸವಲ್ಲ. ಚರಕಸಂಹಿತೆಯು ವಾತವಿಕಾರಗಳನ್ನು ಎಣಿಸುವಾಗ ವೇಪಥುವನ್ನು ಹೇಳಿದೆ. ಮಾಧವನಿದಾನವು ಸರ್ವಾಂಗದ ಹಾಗೂ ಶಿರಸ್ಸಿನ ಕಂಪವನ್ನು ಅದೇ ಹೆಸರಿನಿಂದ ಗುರುತಿಸಿದೆ. ಆಂಧ್ರಪ್ರಾಂತದಲ್ಲಿ ವೈದ್ಯರ ಕೈಪಿಡಿಯಾಗಿ ಬಹುಕಾಲ ಬಳಕೆಯಲ್ಲಿದ್ದ 'ಬಸವರಾಜೀಯಂ' ಎಂಬ ಗ್ರಂಥವು ಕಂಪವಾತವೆಂಬ ಹೆಸರನ್ನೇ ಬಳಸಿ, ಕೈಕಾಲುಗಳ ನಡುಕ, ದೇಹದ ಚಲನೆಯ ಕಷ್ಟ, ನಿದ್ರಾಭಂಗ ಮತ್ತು ಬುದ್ಧಿಯ ಕ್ಷೀಣತೆ ಎಂಬ ಲಕ್ಷಣಗಳನ್ನು ಒಟ್ಟಿಗೆ ಹೇಳಿರುವುದು ಗಮನಾರ್ಹವಾಗಿದೆ. ನಿದ್ರೆಯ ಕೆಡುಕನ್ನೂ ಮತಿಯ ಕ್ಷಯವನ್ನೂ ನಡುಕದೊಡನೆ ಸೇರಿಸಿ ಕಂಡ ಆ ದೃಷ್ಟಿಯು ಇಂದಿನ ವೈದ್ಯರ ಅನುಭವಕ್ಕೆ ಸರಿಹೊಂದುತ್ತದೆ. ಆದಕಾರಣ ಈ ಲೇಖನದಲ್ಲಿ ಕಂಪವಾತವೆಂಬ ಪದವನ್ನೇ ಉಳಿಸಿಕೊಳ್ಳಲಾಗಿದೆ.

ಈ ರೋಗದ ಪ್ರಧಾನ ಲಕ್ಷಣಗಳು ಮೂರು: ವಿಶ್ರಾಂತಿಯಲ್ಲಿರುವಾಗಲೇ ಕೈಯಲ್ಲಿ ಕಾಣುವ ನಡುಕ, ಸ್ನಾಯುಗಳ ಬಿಗಿತ, ಮತ್ತು ಚಲನೆಯ ಮಂದತ್ವ. ಹಲವರಲ್ಲಿ ಇವುಗಳಿಗೆ ಮೊದಲೇ ವಾಸನೆ ತಿಳಿಯದಿರುವುದು, ಮಲಬದ್ಧತೆ, ಕನಸಿನಲ್ಲಿ ಕೈಕಾಲು ಬಡಿಯುವುದು ಕಂಡುಬರುತ್ತವೆ. ಶಿಕ್ಷಕವೃತ್ತಿಯವರು ವಿಶೇಷವಾಗಿ ಗಮನಿಸಬೇಕಾದ ಲಕ್ಷಣವೊಂದುಂಟು. ರೋಗಿಯ ಕೈಬರಹವು ಸಾಲಿನ ಮೊದಲಿನಲ್ಲಿ ದೊಡ್ಡದಾಗಿದ್ದು, ಮುಂದೆ ಸಾಗಿದಂತೆ ಸಣ್ಣದಾಗುತ್ತ ಒತ್ತಿಕೊಂಡುಬಿಡುತ್ತದೆ. ದನಿ ಕುಗ್ಗುತ್ತದೆ; ನಡೆಯುವಾಗ ಒಂದು ತೋಳು ಬೀಸುವುದಿಲ್ಲ; ಮುಖದ ಭಾವಗಳು ಮಂಕಾಗುತ್ತವೆ. ನಗದಿರುವ ಹಿರಿಯರನ್ನು ಕಂಡು ಗರ್ವಿಷ್ಠರೆಂದೋ ಕೋಪಿಷ್ಠರೆಂದೋ ಭಾವಿಸುವ ಬಂಧುಗಳೂ ಇದ್ದಾರೆ. ಆ ಮುಖದಲ್ಲಿರುವುದು ಕೋಪವಲ್ಲ, ರೋಗ.

ಕೃಷ್ಣವಸ್ತು ಮತ್ತು ಡೋಪಮೀನ್

ಮಿದುಳಿನ ಕಾಂಡದ ಮೇಲ್ಭಾಗದಲ್ಲಿ ಕರಿಯ ಬಣ್ಣದ ಎರಡು ಪಟ್ಟೆಗಳಿವೆ. ಲ್ಯಾಟಿನ್ ಭಾಷೆಯಲ್ಲಿ ಇದನ್ನು ಸಬ್‌ಸ್ಟಾನ್ಷಿಯ ನೈಗ್ರ ಎನ್ನುತ್ತಾರೆ. ಕೃಷ್ಣವಸ್ತು ಎಂದು ಕನ್ನಡಿಸಬಹುದು. ೧೯೧೯ರಲ್ಲಿ ಟ್ರೆಟ್ಯಾಕಾಫ್ ಎಂಬ ವಿದ್ವಾಂಸನು ಕಂಪವಾತದಿಂದ ಮೃತರಾದವರ ಮಿದುಳಿನಲ್ಲಿ ಈ ಪಟ್ಟೆಗಳ ಬಣ್ಣ ಮಾಸಿರುವುದನ್ನು, ಅಲ್ಲಿಯ ನರಕೋಶಗಳು ನಶಿಸಿರುವುದನ್ನು ತೋರಿಸಿದನು. ಅದಕ್ಕೂ ಮೊದಲು ೧೯೧೨ರಲ್ಲಿ ಲೂಯಿ ಎಂಬ ಜರ್ಮನ್ ವಿಜ್ಞಾನಿ ಇಂತಹ ರೋಗಿಗಳ ನರಕೋಶಗಳಲ್ಲಿ ದುಂಡನೆಯ ಗಂಟುಗಳನ್ನು ಕಂಡಿದ್ದನು. ಆಲ್ಫಾ-ಸೈನ್ಯೂಕ್ಲೀನ್ ಎಂಬ ಪ್ರೋಟೀನು ಮುದ್ದೆಗಟ್ಟಿ ಆ ಗಂಟುಗಳಾಗುತ್ತವೆಂಬುದು ೧೯೯೭ರಲ್ಲಿ ತಿಳಿದುಬಂದಿತು.

ಕೃಷ್ಣವಸ್ತುವಿನ ಕೋಶಗಳು ಡೋಪಮೀನ್ ಎಂಬ ರಾಸಾಯನಿಕವನ್ನು ತಯಾರಿಸಿ, ಚಲನೆಯನ್ನು ನಿಯಂತ್ರಿಸುವ ಮಿದುಳಿನ ಭಾಗಕ್ಕೆ ಕಳುಹಿಸುತ್ತವೆ. ಮಿದುಳಿನಲ್ಲಿ ಡೋಪಮೀನಿನ ಮಹತ್ವವನ್ನು ೧೯೫೭ರಲ್ಲಿ ಸ್ವೀಡನ್ನಿನ ಕಾರ್ಲ್‌ಸನ್ ತೋರಿಸಿದನು. ೨೦೦೦ದಲ್ಲಿ ನೊಬೆಲ್ ಪಾರಿತೋಷಕದ ಪಾಲುದಾರನಾದನು. ಕಂಪವಾತದ ರೋಗಿಗಳಲ್ಲಿ ಈ ರಾಸಾಯನಿಕವು ಕ್ಷೀಣಿಸಿರುವುದನ್ನು ೧೯೬೦ರಲ್ಲಿ ವಿಯೆನ್ನಾದ ಹಾರ್ನಿಕಿವಿಚ್ ಕಂಡುಹಿಡಿದನು. ದೇಹದೊಳಗೆ ಡೋಪಮೀನ್ ಆಗಿ ಮಾರ್ಪಡುವ ಲೆವೊಡೋಪ ಎಂಬ ವಸ್ತುವನ್ನು ೧೯೬೧ರಲ್ಲಿ ರೋಗಿಗಳಿಗೆ ಕೊಟ್ಟು ನೋಡಲಾಯಿತು. ೧೯೬೭ರಲ್ಲಿ ಕೊಟ್ಜಿಯಾಸ್ ಎಂಬ ವೈದ್ಯನು ಸರಿಯಾದ ಪ್ರಮಾಣವನ್ನು ನಿಶ್ಚಯಿಸಿದ ಮೇಲೆ ಅದೇ ಮುಖ್ಯ ಔಷಧವಾಗಿ ನೆಲೆಗೊಂಡು ಇಂದಿಗೂ ಉಳಿದಿದೆ.

ಇಲ್ಲಿ ಒಂದು ಸ್ವಾರಸ್ಯವಿದೆ. ಕನ್ನಡ ನಾಡಿನ ಬೇಲಿಗಳಲ್ಲಿ ಹಬ್ಬುವ, ಮೈಗೆ ತಗುಲಿದರೆ ತುರಿಕೆಯುಂಟುಮಾಡುವ ನಸುಗುನ್ನಿಯ ಬೀಜದಲ್ಲಿ ಇದೇ ಲೆವೊಡೋಪ ಇರುವುದೆಂದು ದಾಮೋದರನ್ ಮತ್ತು ರಾಮಸ್ವಾಮಿ ಎಂಬ ಭಾರತೀಯ ವಿಜ್ಞಾನಿಗಳು ೧೯೩೭ರಷ್ಟು ಹಿಂದೆಯೇ ಪ್ರಕಟಿಸಿದ್ದರು. ಸಂಸ್ಕೃತದಲ್ಲಿ ಕಪಿಕಚ್ಛು, ಆತ್ಮಗುಪ್ತಾ ಎಂದು ಹೆಸರಾದ ಈ ಬೀಜವನ್ನು ಆಯುರ್ವೇದ ವೈದ್ಯರು ವಾತರೋಗಗಳಲ್ಲಿ ಬಳಸುತ್ತ ಬಂದಿದ್ದರು. ಲಂಡನ್ನಿನಲ್ಲಿ ನಡೆದು ೨೦೦೪ರಲ್ಲಿ ಪ್ರಕಟವಾದ ಸಣ್ಣ ಪ್ರಯೋಗವೊಂದರಲ್ಲಿ ಈ ಬೀಜದ ಪುಡಿಯು ರೋಗಿಗಳ ಮೇಲೆ ಬೇಗನೆ ಪರಿಣಾಮ ಬೀರಿದ್ದು ಕಂಡುಬಂದಿತು. ಆದರೆ ಬೀಜದಿಂದ ಬೀಜಕ್ಕೆ ಸತ್ವದ ಪ್ರಮಾಣ ಬೇರೆಯಾಗುವುದರಿಂದ, ವೈದ್ಯರನ್ನು ಕೇಳದೆ ಅದನ್ನು ಸೇವಿಸುವುದು ಅಪಾಯಕರ.

ಲೆವೊಡೋಪವು ಕೊರತೆಯನ್ನು ತುಂಬುತ್ತದೆಯೇ ಹೊರತು ಕೋಶಗಳ ಸಾವನ್ನು ತಡೆಯುವುದಿಲ್ಲ. ತೂತುಬಿದ್ದ ಕೊಡಕ್ಕೆ ನೀರು ಸುರಿದಂತೆ, ಸುರಿಯುವಷ್ಟು ಕಾಲ ಅನುಕೂಲವುಂಟು. ತೂತು ಮಾತ್ರ ಹಾಗೆಯೇ ಉಳಿಯುತ್ತದೆ. ಕೃಷ್ಣವಸ್ತುವಿನ ಕೋಶಗಳೇ ಏಕೆ ಸಾಯುತ್ತವೆ ಎಂಬ ಪ್ರಶ್ನೆಗೆ ಉತ್ತರ ಹುಡುಕಿದಾಗಲೇ ಮೈಟೋಕಾಂಡ್ರಿಯದ ವಿಚಾರ ಮುಂದೆ ಬಂದಿತು.

ಶಕ್ತಿಕೇಂದ್ರದ ರಚನೆ

ಮೈಟೋಕಾಂಡ್ರಿಯ ಎಂಬ ಹೆಸರನ್ನು ೧೮೯೮ರಲ್ಲಿ ಕಾರ್ಲ್ ಬೆಂಡಾ ಎಂಬ ಜರ್ಮನ್ ವಿಜ್ಞಾನಿ ರಚಿಸಿದನು. ಗ್ರೀಕ್ ಭಾಷೆಯಲ್ಲಿ ಮೈಟೋಸ್ ಎಂದರೆ ದಾರ, ಕಾಂಡ್ರಿಯಾನ್ ಎಂದರೆ ಸಣ್ಣ ಕಾಳು. ಸೂಕ್ಷ್ಮದರ್ಶಕದಲ್ಲಿ ಇವು ಕೆಲವೊಮ್ಮೆ ದಾರದಂತೆಯೂ ಕೆಲವೊಮ್ಮೆ ಕಾಳಿನಂತೆಯೂ ಕಾಣುವುದರಿಂದ ಈ ಹೆಸರು ಅನ್ವರ್ಥವಾಗಿದೆ. ತಂತುಕಣವೆಂದು ಕನ್ನಡದಲ್ಲಿ ಹೇಳಿದರೆ ಮೂಲದ ಅರ್ಥಕ್ಕೆ ಲೋಪ ಬರುವುದಿಲ್ಲ.

ತಂತುಕಣದ ಕೆಲಸವನ್ನು ತಿಳಿಯಲು ಶಿವನಸಮುದ್ರದ ವಿದ್ಯುದಾಗಾರವನ್ನು ನೆನೆಯುವುದು ಒಳ್ಳೆಯದು. ೧೯೦೨ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿಯಿತು. ೧೯೦೫ರಲ್ಲಿ ಬೆಂಗಳೂರಿನ ದೀಪಗಳು ಬೆಳಗಿದವು. ಅಲ್ಲಿ ಎತ್ತರದ ನೀರು ತಗ್ಗಿಗೆ ಧುಮುಕುವಾಗ ಚಕ್ರವನ್ನು ತಿರುಗಿಸುತ್ತದೆ. ಚಕ್ರ ತಿರುಗಿದಾಗ ವಿದ್ಯುತ್ತು ಹುಟ್ಟುತ್ತದೆ. ತಂತುಕಣಕ್ಕೆ ಎರಡು ಪೊರೆಗಳು. ಆಹಾರದಿಂದ ಬಂದ ಎಲೆಕ್ಟ್ರಾನುಗಳು ಒಳಪೊರೆಯಲ್ಲಿರುವ ಕಿಣ್ವಸಮೂಹಗಳ ಮೂಲಕ ಒಂದರಿಂದೊಂದಕ್ಕೆ ಸಾಗಿ ಕಡೆಗೆ ಆಮ್ಲಜನಕವನ್ನು ಸೇರುತ್ತವೆ. ಆ ಸಾಗಾಟದ ಬಲದಿಂದ ಪ್ರೋಟಾನುಗಳು ಒಳಪೊರೆಯ ಆಚೆಗೆ ತಳ್ಳಲ್ಪಟ್ಟು, ಅಣೆಕಟ್ಟಿನ ಹಿಂದೆ ನಿಂತ ನೀರಿನಂತೆ ಶೇಖರವಾಗುತ್ತವೆ. ಅವು ಮರಳಿ ಒಳಗೆ ಧುಮುಕುವಾಗ ನಿಜವಾಗಿಯೂ ತಿರುಗುವ ಪ್ರೋಟೀನಿನ ಚಕ್ರವೊಂದು ತಿರುಗಿ, ಜೀವಕೋಶದ ಚಲಾವಣೆಯ ನಾಣ್ಯವೆನ್ನಬಹುದಾದ ಎಟಿಪಿ ಎಂಬ ಶಕ್ತಿದ್ರವ್ಯವು ತಯಾರಾಗುತ್ತದೆ. ಈ ತತ್ವವನ್ನು ೧೯೬೧ರಲ್ಲಿ ಪ್ರತಿಪಾದಿಸಿದ ಪೀಟರ್ ಮಿಚೆಲ್‌ಗೆ ೧೯೭೮ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಈ ಕಿಣ್ವಸಮೂಹಗಳಲ್ಲಿ ಮೊದಲನೆಯದೂ ಅತ್ಯಂತ ದೊಡ್ಡದೂ ಆದುದನ್ನು ಪ್ರಥಮ ಸಂಕೀರ್ಣವೆಂದು ಕರೆಯಲಾಗಿದೆ. ನಾಲ್ವತ್ತಕ್ಕೂ ಹೆಚ್ಚು ಪ್ರೋಟೀನುಗಳು ಕೂಡಿ ಅದು ಆಗಿದೆ. ತಂತುಕಣಗಳಿಗೆ ತಮ್ಮದೇ ಆದ ಪುಟ್ಟ ವಂಶವಾಹಿ ಸಂಪುಟವಿದೆ. ಅದು ತಾಯಿಯಿಂದ ಮಾತ್ರ ಮಕ್ಕಳಿಗೆ ಬರುತ್ತದೆ. ಅದರಲ್ಲಿರುವ ೩೭ ವಂಶವಾಹಿಗಳಲ್ಲಿ ಏಳು ಈ ಪ್ರಥಮ ಸಂಕೀರ್ಣದ ಭಾಗಗಳಿಗೇ ಮೀಸಲು. ಈ ಸಂಕೀರ್ಣವು ಕೆಟ್ಟರೆ ಎರಡು ಬಗೆಯ ಹಾನಿ. ಶಕ್ತಿಯ ಉತ್ಪಾದನೆ ಕುಗ್ಗುವುದು ಒಂದು. ದಾರಿತಪ್ಪಿದ ಎಲೆಕ್ಟ್ರಾನುಗಳು ಆಮ್ಲಜನಕದೊಡನೆ ಅಕಾಲದಲ್ಲಿ ಕೂಡಿ, ಕೋಶವನ್ನು ಒಳಗಿನಿಂದಲೇ ಸುಡುವ ಉಗ್ರ ಕಣಗಳಾಗುವುದು ಇನ್ನೊಂದು.

ವಿಷದಿಂದ ಬಂದ ಸುಳಿವು

ಪ್ರಥಮ ಸಂಕೀರ್ಣಕ್ಕೂ ಕಂಪವಾತಕ್ಕೂ ಸಂಬಂಧವುಂಟೆಂಬುದು ಒಂದು ದುರಂತದಿಂದ ತಿಳಿಯಿತು. ೧೯೮೨ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮಾದಕ ವ್ಯಸನಿಗಳಾದ ಕೆಲವು ಯುವಕ ಯುವತಿಯರು ಏಕಾಏಕಿ ಶಿಲಾಪ್ರತಿಮೆಗಳಂತೆ ಸ್ತಬ್ಧರಾಗಿ ಆಸ್ಪತ್ರೆ ಸೇರಿದರು. ವೃದ್ಧರಲ್ಲಿ ವರ್ಷಗಟ್ಟಲೆ ಬೆಳೆಯುವ ವ್ಯಾಧಿ ಈ ತರುಣರಲ್ಲಿ ಕೆಲವೇ ದಿನಗಳಲ್ಲಿ ಪೂರ್ಣವಾಗಿ ಕಾಣಿಸಿತ್ತು. ಲ್ಯಾಂಗ್‌ಸ್ಟನ್ ಎಂಬ ವೈದ್ಯನೂ ಅವನ ಸಹೋದ್ಯೋಗಿಗಳೂ ಶೋಧಿಸಿ, ಅವರು ಚುಚ್ಚಿಕೊಂಡ ಕೃತಕ ಮಾದಕದಲ್ಲಿ ಎಂಪಿಟಿಪಿ ಎಂಬ ಕಲ್ಮಷವಿದ್ದುದನ್ನು ೧೯೮೩ರಲ್ಲಿ ಪ್ರಕಟಿಸಿದರು. ಆ ವಸ್ತುವು ಮಿದುಳನ್ನು ಹೊಕ್ಕು, ಅಲ್ಲಿಯ ಕಿಣ್ವವೊಂದರಿಂದ ಮಾರ್ಪಟ್ಟು ವಿಷವಾಗುತ್ತದೆ. ಆ ವಿಷವನ್ನು ಡೋಪಮೀನ್ ಎಂದು ಭ್ರಮಿಸಿ ಕೃಷ್ಣವಸ್ತುವಿನ ಕೋಶಗಳು ತಾವೇ ಒಳಗೆಳೆದುಕೊಳ್ಳುತ್ತವೆ. ಒಳಗೆ ಬಂದ ವಿಷವು ತಂತುಕಣವನ್ನು ಸೇರಿ ಪ್ರಥಮ ಸಂಕೀರ್ಣವನ್ನು ಸ್ತಂಭಿಸುತ್ತದೆ.

ಎಂಪಿಟಿಪಿಯನ್ನು ಕಾಣದ ಸಾಮಾನ್ಯ ರೋಗಿಗಳಲ್ಲಿಯೂ ಹೀಗೆಯೇ ಆಗುವುದೇ ಎಂಬ ಪ್ರಶ್ನೆ ಸಹಜವಾಗಿ ಎದ್ದಿತು. ೧೯೮೯ರಲ್ಲಿ ಲಂಡನ್ನಿನ ಶಾಪಿರಾ ಮತ್ತು ಸಂಗಡಿಗರು ಮೃತ ರೋಗಿಗಳ ಕೃಷ್ಣವಸ್ತುವಿನಲ್ಲಿ ಪ್ರಥಮ ಸಂಕೀರ್ಣದ ಕಾರ್ಯವು ಕುಗ್ಗಿರುವುದನ್ನು ತೋರಿಸಿದರು. ೨೦೦೦ದಲ್ಲಿ ಗ್ರೀನಾಮೈರ್ ಅವರ ತಂಡವು ರೋಟಿನೋನ್ ಎಂಬ ಸಸ್ಯಜನ್ಯ ಕೀಟನಾಶಕವನ್ನು ಇಲಿಗಳ ದೇಹಕ್ಕೆ ಬಹುದಿನ ಸೇರಿಸಿದಾಗ, ಕೃಷ್ಣವಸ್ತುವಿನ ನಾಶವೂ ಪ್ರೋಟೀನಿನ ಮುದ್ದೆಗಳೂ ಕಂಡವು. ರೋಟಿನೋನ್ ತಡೆಯುವುದೂ ಇದೇ ಸಂಕೀರ್ಣವನ್ನು. ಆ ವಿಷವು ಇಲಿಯ ದೇಹದ ಎಲ್ಲ ಕೋಶಗಳನ್ನೂ ತಲುಪಿದ್ದರೂ ಹೆಚ್ಚಾಗಿ ಬಲಿಯಾದುವು ಕೃಷ್ಣವಸ್ತುವಿನ ಕೋಶಗಳೇ.

ಅವೇ ಏಕೆ ಎಂಬುದಕ್ಕೆ ಕಾರಣಗಳು ಹಲವು. ಮಿದುಳಿನ ತೂಕ ದೇಹದ ತೂಕದ ಶೇಕಡ ೨ರಷ್ಟಾದರೂ ದೇಹದ ಶಕ್ತಿಯ ಸುಮಾರು ಶೇಕಡ ೨೦ನ್ನು ಅದು ವ್ಯಯಿಸುತ್ತದೆ. ಅದರಲ್ಲಿಯೂ ಕೃಷ್ಣವಸ್ತುವಿನ ಒಂದೊಂದು ನರಕೋಶದ ತಂತುವು ಆಲದ ಮರದಂತೆ ಕವಲೊಡೆದು, ಹತ್ತು ಲಕ್ಷಕ್ಕೂ ಹೆಚ್ಚು ಸಂಧಿಗಳನ್ನು ಏರ್ಪಡಿಸಿಕೊಂಡಿದೆಯೆಂದು ಅಂದಾಜು ಮಾಡಲಾಗಿದೆ. ಅಷ್ಟು ದೊಡ್ಡ ಸಂಸಾರವನ್ನು ಒಂದೇ ಕೋಶ ಸಾಕಬೇಕು. ಇದಲ್ಲದೆ ಆ ಕೋಶಗಳು ಹೊರಗಿನ ಪ್ರೇರಣೆಯಿಲ್ಲದೆಯೂ ಹಗಲಿರುಳು ಮಿಡಿಯುತ್ತಿರುತ್ತವೆ. ಪ್ರತಿ ಮಿಡಿತಕ್ಕೂ ಒಳನುಗ್ಗುವ ಕ್ಯಾಲ್ಸಿಯಂ ಅನ್ನು ಹೊರದೂಡಲು ಶಕ್ತಿ ಬೇಕು. ಅವುಗಳಲ್ಲಿರುವ ಕಬ್ಬಿಣದ ಅಂಶವೂ ಡೋಪಮೀನ್ ಕೊಳೆತಾಗ ಹುಟ್ಟುವ ವಸ್ತುಗಳೂ ಒಳಗಿನ ಬೇಗೆಯನ್ನು ಹೆಚ್ಚಿಸುತ್ತವೆ. ಆದಾಯಕ್ಕೂ ವೆಚ್ಚಕ್ಕೂ ಸರಿಸಮವಾಗಿರುವ ಸಂಸಾರದಲ್ಲಿ ಸಣ್ಣ ನಷ್ಟವೂ ದೊಡ್ಡ ಕಷ್ಟವಾಗುವಂತೆ, ಅನ್ಯ ಕೋಶಗಳು ತಾಳಿಕೊಳ್ಳುವ ಕೊರತೆಯನ್ನು ಇವು ತಾಳಲಾರವು.

ವಂಶವಾಹಿಗಳ ಸಾಕ್ಷ್ಯ

ಕಂಪವಾತವು ಬಹುಮಟ್ಟಿಗೆ ಆನುವಂಶಿಕವಲ್ಲ. ಆದರೆ ಕೆಲವು ಕುಟುಂಬಗಳಲ್ಲಿ ಅದು ಚಿಕ್ಕ ವಯಸ್ಸಿನಲ್ಲಿಯೇ ಬರುತ್ತದೆ. ಅಂತಹ ಕುಟುಂಬಗಳ ಅಧ್ಯಯನದಿಂದ ೧೯೯೮ರಲ್ಲಿ ಜಪಾನಿನ ವಿಜ್ಞಾನಿಗಳು ಪಾರ್ಕಿನ್ ಎಂಬ ವಂಶವಾಹಿಯನ್ನೂ, ೨೦೦೪ರಲ್ಲಿ ಐರೋಪ್ಯ ವಿಜ್ಞಾನಿಗಳು ಪಿಂಕ್-೧ ಎಂಬ ವಂಶವಾಹಿಯನ್ನೂ ಗುರುತಿಸಿದರು. ಇವೆರಡೂ ಕೂಡಿ ಮಾಡುವ ಕೆಲಸ ಕಣದಲ್ಲಿ ರೈತನು ಮಾಡುವ ಕೆಲಸದಂತಹುದು. ರೈತನು ಧಾನ್ಯವನ್ನು ತೂರಿ ಗಟ್ಟಿಯನ್ನು ಉಳಿಸಿಕೊಂಡು ಜೊಳ್ಳನ್ನು ಬೇರ್ಪಡಿಸುತ್ತಾನೆ. ಕೋಶದೊಳಗೆ ಶಕ್ತಿಗುಂದಿದ ತಂತುಕಣದ ಮೈಮೇಲೆ ಪಿಂಕ್-೧ ಶೇಖರವಾಗಿ ಪಾರ್ಕಿನ್ನನ್ನು ಕರೆಯುತ್ತದೆ. ಪಾರ್ಕಿನ್ ಅದಕ್ಕೆ ಗುರುತಿನ ಮುದ್ರೆಯೊತ್ತುತ್ತದೆ. ಮುದ್ರೆಯಿರುವುದನ್ನು ಕೋಶವು ಕರಗಿಸಿಬಿಡುತ್ತದೆ. ಈ ಎರಡರಲ್ಲಿ ಒಂದು ಕೆಟ್ಟರೂ ಜೊಳ್ಳು ಕಣದಲ್ಲಿಯೇ ಉಳಿದು ಗಟ್ಟಿಯನ್ನೂ ಕೆಡಿಸುತ್ತದೆ. ವಿಷದ ಮೂಲಕ ಬಂದವರೂ ವಂಶದ ಮೂಲಕ ಬಂದವರೂ ಹೀಗೆ ಒಂದೇ ಬಾಗಿಲಿಗೆ ಬಂದು ನಿಂತರು.

ಆದರೂ ತಂತುಕಣದ ಕೆಡುಕು ರೋಗಕ್ಕೆ ಕಾರಣವೋ ಅಥವಾ ಸಾಯುತ್ತಿರುವ ಕೋಶದ ಒಂದು ಲಕ್ಷಣ ಮಾತ್ರವೋ ಎಂಬ ಪೂರ್ವಪಕ್ಷವನ್ನು ಅಲ್ಲಗಳೆಯುವಂತಿರಲಿಲ್ಲ. ಇದಕ್ಕೆ ೨೦೨೧ರಲ್ಲಿ ಅಮೆರಿಕದ ಸರ್ಮಿಯರ್ ಅವರ ತಂಡವು ಉತ್ತರ ಕೊಡಲು ಯತ್ನಿಸಿತು. ಇಲಿಗಳ ಡೋಪಮೀನ್ ಕೋಶಗಳಲ್ಲಿ ಮಾತ್ರ ಪ್ರಥಮ ಸಂಕೀರ್ಣವನ್ನು ಕೆಡಿಸಿದಾಗ, ಬೇರಾವ ವಿಷವೂ ಇಲ್ಲದೆ, ಕಂಪವಾತವನ್ನು ಹೋಲುವ ಸ್ಥಿತಿಯು ಕ್ರಮಕ್ರಮವಾಗಿ ಬೆಳೆಯಿತು. ಆ ಕೆಡುಕೊಂದೇ ರೋಗವನ್ನು ಹುಟ್ಟಿಸಲು ಸಾಕಾಗಬಲ್ಲುದೆಂಬುದು ಇದರಿಂದ ಸಿದ್ಧವಾಯಿತು. ಎಲ್ಲ ರೋಗಿಗಳಲ್ಲಿಯೂ ಅದೇ ಕಾರಣವೆಂದು ಮಾತ್ರ ಸಿದ್ಧವಾಗಲಿಲ್ಲ. ನಾರ್ವೆಯ ವಿಜ್ಞಾನಿಗಳು ೨೦೨೪ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರಥಮ ಸಂಕೀರ್ಣದ ಕೊರತೆಯು ಮಿದುಳಿನಲ್ಲಿ ವ್ಯಾಪಕವಾಗಿ ಕಂಡುಬಂದುದು ಸುಮಾರು ಕಾಲುಭಾಗದಷ್ಟು ರೋಗಿಗಳಲ್ಲಿ. ಒಂದೇ ಹೆಸರಿನ ಕೆಳಗೆ ಹಲವು ವ್ಯಾಧಿಗಳು ಅಡಗಿರಬಹುದೆಂಬ ಅನುಮಾನಕ್ಕೆ ಇದು ಪುಷ್ಟಿ ಕೊಡುತ್ತದೆ.

ಬೆಂಗಳೂರಿನ ಕೊಡುಗೆ

ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ಜನರ ಬಾಯಲ್ಲಿ ನಿಮ್ಹಾನ್ಸ್, ೧೯೭೪ರಲ್ಲಿ ಎರಡು ಹಳೆಯ ಸಂಸ್ಥೆಗಳ ಕೂಡುವಿಕೆಯಿಂದ ರೂಪುಗೊಂಡಿತು. ಅಲ್ಲಿ ೧೯೯೫ರಲ್ಲಿ ಡಾ. ಎಸ್. ಕೆ. ಶಂಕರ್ ಅವರ ನೇತೃತ್ವದಲ್ಲಿ ಮಾನವ ಮಿದುಳಿನ ಅಂಗಾಂಶಗಳ ಭಂಡಾರವೊಂದು ಸ್ಥಾಪಿತವಾಯಿತು. ಮೃತರ ಬಂಧುಗಳು ಒಪ್ಪಿ ಕೊಟ್ಟ ಮಿದುಳುಗಳನ್ನು ಅಲ್ಲಿ ಶೀತಲದಲ್ಲಿ ಕಾಪಾಡಿ ಸಂಶೋಧಕರಿಗೆ ಒದಗಿಸಲಾಗುತ್ತದೆ.

ಇಂತಹ ದಾನದಿಂದಲೇ ಸಾಧ್ಯವಾದ ಒಂದು ಅಧ್ಯಯನವನ್ನು ೧೯೯೮ರಲ್ಲಿ ಡಾ. ಉದಯ ಮುಥಾಣೆ, ಡಾ. ಯಶಾ ಮತ್ತು ಡಾ. ಶಂಕರ್ ಪ್ರಕಟಿಸಿದರು. ರೋಗವಿಲ್ಲದ ಭಾರತೀಯರ ಕೃಷ್ಣವಸ್ತುವಿನ ಕರಿಯ ಕೋಶಗಳನ್ನು ಎಣಿಸಿದಾಗ, ಅವುಗಳ ಸಂಖ್ಯೆ ಬ್ರಿಟನ್ನಿನವರದಕ್ಕಿಂತ ಸುಮಾರು ಶೇಕಡ ೪೦ರಷ್ಟು ಕಡಿಮೆಯಿದ್ದಿತು. ಆದರೆ ವಯಸ್ಸಾದಂತೆ ಆ ಸಂಖ್ಯೆ ಇಳಿಯುತ್ತಿರಲಿಲ್ಲ. ಕೋಶಗಳು ಕಡಿಮೆಯಿದ್ದರೆ ರೋಗ ಹೆಚ್ಚಾಗಬೇಕೆಂಬುದು ಸಾಮಾನ್ಯ ತರ್ಕ. ಹಾಗಾಗದಿರುವುದರಿಂದ, ಕೋಶಗಳೆಷ್ಟು ಎಂಬುದಕ್ಕಿಂತ ಇರುವ ಕೋಶಗಳು ಎಷ್ಟು ಗಟ್ಟಿಯಾಗಿವೆ ಎಂಬ ವಿಚಾರಕ್ಕೆ ಪ್ರಾಶಸ್ತ್ಯ ಬರುತ್ತದೆ. ಕೋಶದ ಗಟ್ಟಿತನವಾದರೋ ಬಹುಮಟ್ಟಿಗೆ ಅದರ ಶಕ್ತಿಕೇಂದ್ರವನ್ನು ಅವಲಂಬಿಸಿದೆ.

ಈ ದಾರಿಯಲ್ಲಿ ಡಾ. ವಿಜಯಲಕ್ಷ್ಮಿ ರವೀಂದ್ರನಾಥ್ ಅವರ ಕಾರ್ಯವು ಸ್ಮರಣೀಯ. ಮೈಸೂರು ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದು ನಿಮ್ಹಾನ್ಸ್‌ನಲ್ಲಿ ಸಂಶೋಧನೆ ನಡೆಸಿದ ಅವರು, ಕೇಸರಿ ಬೇಳೆಯನ್ನು ಅತಿಯಾಗಿ ತಿಂದವರ ಕಾಲು ಸೆಟೆದುಹೋಗಲು ಕಾರಣವಾದ ವಿಷವು ಪ್ರಥಮ ಸಂಕೀರ್ಣವನ್ನು ಕೆಡಿಸುವುದೆಂದು ಸಂಗಡಿಗರೊಡನೆ ತೋರಿಸಿದರು. ಮುಂದೆ ೨೦೦೩ರಲ್ಲಿ ಅವರೂ ಕೆಂಚಪ್ಪ ಅವರೂ ಗ್ಲೂಟಾರೆಡಾಕ್ಸಿನ್ ಎಂಬ ಚಿಕ್ಕ ಪ್ರೋಟೀನು ಆ ಸಂಕೀರ್ಣವನ್ನು ಕಾಪಾಡುವ ಕಾವಲುಗಾರನೆಂದು ಪ್ರಕಟಿಸಿದರು. ಹೆಣ್ಣಿಲಿಗಳಲ್ಲಿ ಈ ಕಾವಲು ಹೆಚ್ಚಾಗಿರುವುದರಿಂದ ಅವು ಎಂಪಿಟಿಪಿಯ ವಿಷವನ್ನು ಗಂಡಿಲಿಗಳಿಗಿಂತ ಚೆನ್ನಾಗಿ ತಾಳಿಕೊಳ್ಳುತ್ತವೆಂದು ೨೦೦೪ರಲ್ಲಿ ಕಂಡುಬಂದಿತು. ಕಂಪವಾತವು ಸ್ತ್ರೀಯರಿಗಿಂತ ಪುರುಷರಲ್ಲಿ ಹೆಚ್ಚಾಗಿರುವುದಕ್ಕೆ ಇದೂ ಒಂದು ಕಾರಣವಿರಬಹುದು. ೨೦೦೯ರಲ್ಲಿ ಅವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನರವಿಜ್ಞಾನ ಕೇಂದ್ರವನ್ನು ಕಟ್ಟಿದರು. ೨೦೧೦ರಲ್ಲಿ ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾದರು.

ನಿಮ್ಹಾನ್ಸ್‌ನ ಡಾ. ಶ್ರೀನಿವಾಸ ಭರತ್ ಮತ್ತು ಸಹೋದ್ಯೋಗಿಗಳು ೨೦೧೨ರಲ್ಲಿ ಪ್ರಕಟಿಸಿದ ಅಧ್ಯಯನವು ಮುಪ್ಪಿನ ವಿಚಾರವನ್ನು ಇನ್ನಷ್ಟು ಸ್ಪಷ್ಟಪಡಿಸಿತು. ರೋಗವಿಲ್ಲದ ಮನುಷ್ಯರ ಮಿದುಳುಗಳನ್ನೇ ಪರೀಕ್ಷಿಸಿದಾಗ, ವಯಸ್ಸು ಏರಿದಂತೆ ಕೃಷ್ಣವಸ್ತುವಿನಲ್ಲಿ ಉಗ್ರ ಕಣಗಳ ಹಾನಿ ಹೆಚ್ಚಿ, ರಕ್ಷಕ ದ್ರವ್ಯಗಳು ಕುಗ್ಗಿ, ಪ್ರಥಮ ಸಂಕೀರ್ಣದ ಕಾರ್ಯವೂ ಇಳಿಯುವುದು ಕಂಡಿತು. ನೆರೆಯ ಬೇರೊಂದು ಭಾಗದಲ್ಲಿ ಅಷ್ಟು ಬದಲಾವಣೆಯಿರಲಿಲ್ಲ. ಎಣಿಕೆಯಲ್ಲಿ ಕೋಶಗಳು ಉಳಿದಿದ್ದರೂ ಒಳಗಿನ ಬಲ ಕುಗ್ಗುತ್ತದೆಂಬುದು ಇದರ ತಾತ್ಪರ್ಯ. ಇದೇ ಪ್ರಯೋಗಶಾಲೆಯು ಅರಿಶಿನದ ಸಾರವಾದ ಕರ್ಕ್ಯುಮಿನ್ ತಂತುಕಣಗಳಿಗೆ ರಕ್ಷೆಯಾಗುವುದನ್ನು ಕೋಶಗಳಲ್ಲಿಯೂ ಇಲಿಗಳಲ್ಲಿಯೂ ಕಂಡಿದೆ. ಆದರೆ ಅರಿಶಿನವು ಕರುಳಿನಿಂದ ರಕ್ತಕ್ಕೆ ಸೇರುವುದು ಅತ್ಯಲ್ಪ; ಮನುಷ್ಯರ ಕಂಪವಾತಕ್ಕೆ ಅದು ಔಷಧವೆಂದು ಸಿದ್ಧವಾಗಿಲ್ಲ.

ಹೊಲ, ಕಾರ್ಖಾನೆ ಮತ್ತು ಎಚ್ಚರಿಕೆ

ನಿಮ್ಹಾನ್ಸ್‌ನ ವೈದ್ಯರು ಬೆಂಗಳೂರಿನ ನಗರ ಮತ್ತು ಗ್ರಾಮ ಪ್ರದೇಶಗಳಲ್ಲಿ ಒಂದು ಲಕ್ಷಕ್ಕೂ ಮಿಕ್ಕಿದ ಜನರನ್ನು ಪರಿಶೀಲಿಸಿ ೨೦೦೪ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಒಟ್ಟು ನರರೋಗಗಳ ಪ್ರಮಾಣವು ನಗರಕ್ಕಿಂತ ಹಳ್ಳಿಗಳಲ್ಲಿ ಹೆಚ್ಚಾಗಿ ಕಂಡಿತು. ನರರೋಗಗಳು ಪಟ್ಟಣಿಗರ ಪಾಡು ಎಂಬ ಭಾವನೆಗೆ ಆಧಾರವಿಲ್ಲ.

ಅಮೆರಿಕದಲ್ಲಿ ೨೦೧೧ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ರೋಟಿನೋನ್ ಅಥವಾ ಪ್ಯಾರಾಕ್ವಾಟ್ ಎಂಬ ಕಳೆನಾಶಕವನ್ನು ಬಳಸಿದವರಲ್ಲಿ ಕಂಪವಾತವು ಇತರರಿಗಿಂತ ಸುಮಾರು ಎರಡೂವರೆ ಪಟ್ಟು ಹೆಚ್ಚಾಗಿತ್ತು. ಇನ್ನು ಯಂತ್ರಭಾಗಗಳ ಜಿಡ್ಡು ತೆಗೆಯಲು ಜಗತ್ತಿನಾದ್ಯಂತ ದಶಕಗಳ ಕಾಲ ಬಳಸಲಾದ ಟ್ರೈಕ್ಲೋರೋಎಥಿಲೀನ್ ಎಂಬ ದ್ರಾವಕವೂ ಪ್ರಥಮ ಸಂಕೀರ್ಣಕ್ಕೆ ಹಾನಿಕರವೆಂದು ಇಲಿಗಳ ಪ್ರಯೋಗದಲ್ಲಿ ತಿಳಿದಿದೆ. ಈ ದ್ರಾವಕದಿಂದ ಕುಡಿಯುವ ನೀರು ಕಲುಷಿತಗೊಂಡಿದ್ದ ಅಮೆರಿಕದ ಸೈನಿಕ ಶಿಬಿರವೊಂದರಲ್ಲಿ ಇದ್ದವರಿಗೆ ಕಂಪವಾತದ ಸಂಭವವು ಬೇರೊಂದು ಶಿಬಿರದವರಿಗಿಂತ ಶೇಕಡ ೭೦ರಷ್ಟು ಅಧಿಕವಾಗಿತ್ತೆಂದು ೨೦೨೩ರಲ್ಲಿ ವರದಿಯಾಯಿತು. ೨೦೨೪ರ ಡಿಸೆಂಬರ್‌ನಲ್ಲಿ ಆ ದೇಶದ ಪರಿಸರ ಇಲಾಖೆಯು ಅದರ ಬಳಕೆಯನ್ನು ನಿಷೇಧಿಸುವ ನಿಯಮವನ್ನು ಹೊರಡಿಸಿತು.

ಇದರಿಂದ ಔಷಧ ಸಿಂಪಡಿಸಿದವರಿಗೆಲ್ಲ, ದ್ರಾವಕ ಮುಟ್ಟಿದವರಿಗೆಲ್ಲ ರೋಗ ಬರುತ್ತದೆಂದು ತಿಳಿಯಬಾರದು. ವಯಸ್ಸು, ವಂಶ, ವಿಷ ಎಂಬ ಮೂರು ಕೂಡಿದಾಗ ತಂತುಕಣದ ತಾಳ್ಮೆ ಮುಗಿಯುತ್ತದೆ. ಇವುಗಳಲ್ಲಿ ಮೊದಲೆರಡು ಮನುಷ್ಯನ ಕೈಯಲ್ಲಿಲ್ಲ. ಮೂರನೆಯದನ್ನು ಕೈಗವಸು, ಮುಖವಸ್ತ್ರ, ಗಾಳಿಯಾಡುವ ಕೆಲಸದ ಜಾಗ, ಉಳಿದ ದ್ರವವನ್ನು ನೆಲಕ್ಕೂ ಬಾವಿಗೂ ಚೆಲ್ಲದಿರುವ ಶಿಸ್ತು ಇವುಗಳಿಂದ ಕಡಿಮೆಮಾಡಬಹುದು. ಹೆದ್ದಾರಿಯ ಅಕ್ಕಪಕ್ಕದ ಕಾರ್ಖಾನೆಗಳಲ್ಲಿ ದುಡಿಯುವ ಹಳೆಯ ವಿದ್ಯಾರ್ಥಿಗಳೂ, ಅವುಗಳನ್ನು ನಡೆಸುವ ಮಹನೀಯರೂ ಈ ವಿಚಾರಕ್ಕೆ ಗಮನ ಕೊಟ್ಟರೆ ಅದು ಮುಂದಿನ ಪೀಳಿಗೆಗೆ ಮಾಡಿದ ಉಪಕಾರವಾಗುತ್ತದೆ.

ಚಿಕಿತ್ಸೆಯ ಸ್ಥಿತಿ

ತಂತುಕಣದ ಕೆಡುಕು ತಿಳಿದ ಮೇಲೆ ಅದಕ್ಕೆ ಬಲಕೊಡುವ ಔಷಧವನ್ನು ಹುಡುಕಿದುದು ಸಹಜವೇ. ಎಲೆಕ್ಟ್ರಾನುಗಳನ್ನು ಸಾಗಿಸುವ ಕೋಎನ್‌ಜೈಮ್ ಕ್ಯೂ-೧೦ ಎಂಬ ದ್ರವ್ಯವನ್ನು ಅಮೆರಿಕ ಮತ್ತು ಕೆನಡಾ ದೇಶಗಳಲ್ಲಿ ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಲಾಯಿತು. ಪ್ರಯೋಜನವಿಲ್ಲವೆಂದು ೨೦೧೪ರಲ್ಲಿ ವರದಿಯಾಯಿತು. ಕ್ರಿಯಾಟಿನ್ ಎಂಬ ದ್ರವ್ಯದ ಫಲಿತಾಂಶವೂ ೨೦೧೫ರಲ್ಲಿ ಹಾಗೆಯೇ ಬಂದಿತು. ರೋಗವು ಹೊರಗೆ ಕಾಣುವ ವೇಳೆಗೆ ಕೃಷ್ಣವಸ್ತುವಿನ ಕೋಶಗಳಲ್ಲಿ ಬಹುಪಾಲು ನಷ್ಟವಾಗಿರುವುದು ಈ ಸೋಲಿಗೆ ಒಂದು ಕಾರಣವಿರಬಹುದು. ತಂತುಕಣದ ಕೊರತೆಯುಳ್ಳವರನ್ನೂ ಇಲ್ಲದವರನ್ನೂ ಒಟ್ಟಿಗೆ ಸೇರಿಸಿ ಪರೀಕ್ಷಿಸಿದುದು ಇನ್ನೊಂದಿರಬಹುದು. ಪತ್ರಿಕೆಗಳಲ್ಲಿ ಮಿದುಳಿಗೆ ಬಲವೆಂದು ಜಾಹೀರಾತಾಗುವ ಗುಳ್ಳೆಗಳಿಗೆ ಹಣ ಸುರಿಯುವವರು ಈ ಸಂಗತಿಗಳನ್ನು ತಿಳಿದಿರಬೇಕು.

ಆದರೂ ನಿರಾಶೆಗೆ ಅವಕಾಶವಿಲ್ಲ. ಲೆವೊಡೋಪವನ್ನು ವೈದ್ಯರು ಹೇಳಿದ ಹೊತ್ತಿಗೆ ತಪ್ಪದೆ ಸೇವಿಸಿದರೆ ಹಲವರು ಬಹುವರ್ಷ ತಮ್ಮ ಕೆಲಸಗಳನ್ನು ತಾವೇ ಮಾಡಿಕೊಳ್ಳಬಲ್ಲರು. ಔಷಧದ ಫಲ ಏರುಪೇರಾದ ಆಯ್ದ ರೋಗಿಗಳಿಗೆ ಮಿದುಳಿನೊಳಗೆ ವಿದ್ಯುತ್ ತಂತಿಯನ್ನಿಡುವ ಶಸ್ತ್ರಚಿಕಿತ್ಸೆ ಬೆಂಗಳೂರಿನಲ್ಲಿಯೇ ನಡೆಯುತ್ತದೆ. ಕ್ರಮವಾದ ನಡಿಗೆ, ವ್ಯಾಯಾಮ, ಗಟ್ಟಿಯಾಗಿ ಓದುವ ಅಭ್ಯಾಸ ಇವುಗಳಿಂದ ದೇಹಕ್ಕೂ ದನಿಗೂ ಅನುಕೂಲವಾಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ನಡುಕವನ್ನು ವಯೋಧರ್ಮವೆಂದು ತಳ್ಳಿಹಾಕದೆ ಬೇಗನೆ ನರತಜ್ಞರಲ್ಲಿಗೆ ಕರೆದೊಯ್ಯುವ ಮಕ್ಕಳು ಬೇಕು.

ಉಪಸಂಹಾರ

ಅನ್ನದಾನ, ವಿದ್ಯಾದಾನಗಳ ಮಹಿಮೆಯನ್ನು ಮಠದ ಆಶ್ರಯದಲ್ಲಿ ಕಲಿತವರಿಗೆ ಹೇಳಬೇಕಾದುದಿಲ್ಲ. ಅನ್ನವೂ ಅಕ್ಷರವೂ ದಾನದಿಂದಲೇ ಬಂದ ಸ್ಥಳಗಳಲ್ಲಿ ಅವರು ಬೆಳೆದವರು. ಮೇಲೆ ಹೇಳಿದ ಬೆಂಗಳೂರಿನ ಸಂಶೋಧನೆಗಳಲ್ಲಿ ಮುಖ್ಯವಾದ ಕೆಲವು, ಹೆಸರು ತಿಳಿಯದ ಕುಟುಂಬಗಳು ದುಃಖದ ಗಳಿಗೆಯಲ್ಲಿ ಒಪ್ಪಿ ಕೊಟ್ಟ ಮಿದುಳುಗಳಿಂದ ಸಾಧ್ಯವಾದುವು. ಭಾರತೀಯರ ಕೃಷ್ಣವಸ್ತುವಿನಲ್ಲಿ ಕೋಶಗಳೆಷ್ಟು ಎಂಬುದನ್ನು ಪರದೇಶದ ಯಾವ ಪ್ರಯೋಗಶಾಲೆಯೂ ಊಹಿಸಿ ಹೇಳಲಾರದು. ಇಲ್ಲಿಯವರು ಕೊಟ್ಟರೆ ಮಾತ್ರ ಇಲ್ಲಿಯವರ ವಿಚಾರ ತಿಳಿಯುತ್ತದೆ. ದೇಹವು ಮಣ್ಣಿಗೆ ಸೇರುವ ಮುನ್ನ ಅದರಿಂದ ವಿದ್ಯೆಗೆ ಇಷ್ಟು ಸಲ್ಲುವುದಾದರೆ ಅದೂ ವಿದ್ಯಾದಾನವೇ. ಬದುಕಿರುವಾಗಲೇ ಮನೆಯವರೊಡನೆ ಮಾತನಾಡಿ ಸಂಕಲ್ಪ ಮಾಡುವವರು ನಿಮ್ಹಾನ್ಸ್‌ನ ಮಿದುಳು ಭಂಡಾರವನ್ನು ವಿಚಾರಿಸಬಹುದು. ಅದೇ ಸಂಸ್ಥೆಯಲ್ಲಿ ಸಾರ್ವಜನಿಕರಿಗೆ ತೋರಿಸಲಾಗುವ ಮಿದುಳಿನ ವಸ್ತುಸಂಗ್ರಹಾಲಯವೂ ಇದೆ. ಶಿಕ್ಷಕರು ಮೇಲ್ತರಗತಿಯ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ದರೆ ಪಠ್ಯದ ಚಿತ್ರವು ಕಣ್ಣೆದುರಿನ ವಸ್ತುವಾಗುತ್ತದೆ.

ಕಣ್ಣಿಗೆ ಕಾಣದ ತಂತುಕಣವೊಂದು ಸೋತರೆ ಹಿರಿಯರ ಕೈ ನಡುಗುತ್ತದೆ. ಆ ಸೋಲನ್ನು ತಡೆಯುವ ವಿದ್ಯೆ ಇನ್ನೂ ಪೂರ್ಣವಾಗಿ ಕೈಸೇರಿಲ್ಲ. ಕೈಸೇರುವವರೆಗೆ ನಡುಗುವ ಕೈಯನ್ನು ಹಿಡಿದು ನಡೆಸುವುದು ಕಿರಿಯರ ಧರ್ಮ. ಕೈಸೇರುವಂತೆ ಓದಿ ದುಡಿಯುವುದು ಇಂದಿನ ವಿದ್ಯಾರ್ಥಿಗಳ ಹೊಣೆ. ಈ ಶಾಲೆಯಿಂದಲೂ ಅಂತಹ ವಿಜ್ಞಾನಿಗಳು ಹೊರಹೊಮ್ಮಲಿ.